ಹೊಂದ್ಕಂತಾವೆ ಬಿಡು

ತುರುವನೂರಿನ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಮಾರುತೇಶನಿಗೆ ಗೊತ್ತಿಲ್ಲದ ವಿಷಯ ಅಂತ ಒಂದೂ ಇರಲಿಲ್ಲ. ಇದ್ದರೂ ಅದು ಅವನಿಗೆ ಗೊತ್ತಿರಲಿಲ್ಲ. ಮೋಟರು ಸುಟ್ಟುಕೊಂಡವರಿಗೆ, ಮೊಬೈಲು ನೀರಿಗೆ ಬೀಳಿಸಿಕೊಂಡವರಿಗೆ, ಕೊನೆಗೆ ಹಲ್ಲುನೋವಿನವರಿಗೂ ಅವನ ಹತ್ತಿರ ಒಂದು ಸಲಹೆ ಇರುತ್ತಿತ್ತು. ಕೇಳದಿದ್ದರೂ ಕೊಡುತ್ತಿದ್ದ. ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಾದರೂ ಒಂದು ದಿನವೂ ಕುರಿಯ ಹಿಂದೆ ಹೋದವನಲ್ಲ. ಆದರೆ ಮಾತು ಶುರುವಾಗುವ ಮುಂಚೆಯೇ "ನಾವು ಕುರಿ ಕಾದೋರು" ಅನ್ನುತ್ತಿದ್ದ.

ಅಂಥವನಿಗೆ ಮದಕರಿಪುರದ ರೋಜಾಳ ಮೇಲೆ ಮನಸ್ಸಾಗಿತ್ತು. ದೂರದ ಸೋದರಮಾವ ಚಿತ್ರಲಿಂಗಪ್ಪನ ಮಗಳು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಅವಳಿಗೂ ಬಾವನ ಮೇಲೆ ಒಲವಿತ್ತು. ಸುಳ್ಳು ಯಾಕೆ, ಮಾರುತೇಶ ನೋಡಲು ಚೆನ್ನಾಗಿದ್ದ, ಜನರನ್ನು ನಗಿಸುತ್ತಿದ್ದ. ಅವನ ತಾಯಿ ತಿಪ್ಪಮ್ಮ ಹೋಗಿ ಹೆಣ್ಣು ಕೇಳಿದಾಗ ಚಿತ್ರಲಿಂಗಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆ ದಿನಗಳಲ್ಲೇ ಅವನ ಟಗರಿಗೆ ಕುರಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದು, ಊರಿನ ಕುರಿ ಸಂಘದವರು ಸನ್ಮಾನ ಇಟ್ಟುಕೊಂಡಿದ್ದರು.

"ಸನ್ಮಾನದ ಫೋಟೋ ಎಲ್ಲಾ ನೀನೇ ತೆಗಿಯಪ್ಪ," ಅಂತ ಚಿತ್ರಲಿಂಗಪ್ಪ ಮಾರುತೇಶನಿಗೆ ಹೇಳಿ ಕಳಿಸಿದ. "ನಿನ್ನ ಕೆಲ್ಸ ನೋಡ್ತೀನಿ. ಆಮೇಲೆ ಹೆಣ್ಣಿನ ಮಾತಾಡಾಣ."

ಮಾರುತೇಶನಿಗೆ ತಾಳಿ ಕಟ್ಟಿದಷ್ಟೇ ಖುಷಿಯಾಯಿತು. ಅಡ್ಡಿ ಒಂದೇ, ಸ್ಟುಡಿಯೋದ ಕಂಪ್ಯೂಟರು. ಒಂದು ಫೋಟೋ ತೆರೆಯುವಷ್ಟರಲ್ಲಿ ಎದುರಿನ ಹೋಟೆಲಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಅದಕ್ಕೆ ರ‍್ಯಾಮ್ ಅನ್ನುವ ನೆನಪಿನ ಪಟ್ಟಿ ಸಾಲದು, ಇನ್ನಷ್ಟು ಹಾಕಿದರೆ ಓಡುತ್ತದೆ ಅಂತ ಅವನಿಗೆ ಗೊತ್ತಿತ್ತು, ಅದು ನಿಜವೂ ಆಗಿತ್ತು. ಅರ್ಧ ತಿಳಿದವರ ಕಷ್ಟವೇ ಇದು, ತಿಳಿದ ಆ ಅರ್ಧ ಸರಿಯಾಗಿರುತ್ತದೆ.

ಅಂಗಡಿಗೆ ಹೋಗಿ ತನ್ನ ಕಂಪ್ಯೂಟರಿಗೆ ಯಾವುದು ಸರಿ ಅಂತ ವಿಚಾರಿಸಿ ತರುವುದು ಅವನ ಜಾಯಮಾನವಲ್ಲ. ಹಿರಿಯೂರಿನಲ್ಲಿ ಮುಚ್ಚಿಹೋದ ಒಂದು ಸೈಬರ್ ಸೆಂಟರಿನಿಂದ ಒಂದು ರ‍್ಯಾಮ್ ಸಂಪಾದಿಸಿದ, ದುರ್ಗದ ಗುಜರಿಯಲ್ಲಿ ಇನ್ನೊಂದನ್ನು ಆರಿಸಿದ. ಕಂಪನಿ ಬೇರೆ, ವೇಗ ಬೇರೆ, ಬಣ್ಣವೂ ಬೇರೆ. ಮೊದಲೇ ಇದ್ದ ಹಳೆಯದರ ಪಕ್ಕ ಎರಡನ್ನೂ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ. ಕಂಪ್ಯೂಟರು ಒಮ್ಮೆ ಕೀ ಅಂದು ಆರಿತು. ಇನ್ನೊಮ್ಮೆ ಹೊತ್ತಿಕೊಂಡು, ನೀಲಿ ಪರದೆ ತೋರಿಸಿ ಮತ್ತೆ ಆರಿತು. ಅದಾದ ಮೇಲೆ ಏನನ್ನಿಸಿತೋ, ಸರಿಯಾಗೇ ಶುರುವಾಯಿತು.

ಹೆಮ್ಮೆ ತಡೆಯಲಾರದೆ ರೋಜಾಗೆ ಫೋನು ಮಾಡಿ ಎಲ್ಲವನ್ನೂ ಬಣ್ಣಿಸಿದ.

"ಬಾವ, ಒಂದೊಂದು ಒಂದೊಂದು ಥರ ಇದ್ರೆ ಓಡಿದ್ರೂ ಓಡ್ತಾವೆ, ಕೈ ಕೊಟ್ರೂ ಕೊಡ್ತಾವೆ," ಅಂದಳು ರೋಜಾ. "ನೀಲಿ ಪರದೆ ಬಂತು ಅಂದ್ಯಲ್ಲ, ಅದ್ರಾಗೆ ಯಾವ್ದೋ ಕೆಟ್ಟೈತೆ ಅನ್ಸುತ್ತೆ. ಒಂದೊಂದೇ ಹಾಕಿ ಪರೀಕ್ಷೆ ಮಾಡು. ಅಲ್ಲೀವರ್ಗೂ ಕ್ಯಾಮೆರಾದ ಕಾರ್ಡು ಮಾತ್ರ ಅಳಿಸ್ಬೇಡ. ಕಾಪಿ ಆಗುವಾಗ್ಲೇ ಫೋಟೋ ಕೆಟ್ಟು ಹೋಗ್ತಾವೆ."

"ನಿಮ್ಮ ಲ್ಯಾಬಿನಾಗೆ ಹಂಗಿರ್ಬೋದು. ನಾವು ಕುರಿ ಕಾದೋರು. ಬೇರೆ ಊರಿನ ಕುರಿ ತಂದು ಹಿಂಡಿಗೆ ಬಿಟ್ರೆ ಮೊದ್ಲು ಗುದ್ದಾಡ್ತಾವೆ. ಆಮೇಲೆ ಒಂದೇ ರೊಪ್ಪದಾಗೆ ಮಲಗ್ತಾವೆ. ಹೊಂದ್ಕಂತಾವೆ ಬಿಡು."

ರೋಜಾ ನಕ್ಕಳು. ತಮಾಷೆ ಅಂದುಕೊಂಡಳು. ಮಾರುತೇಶ ತಮಾಷೆಗೆ ಹೇಳಿರಲಿಲ್ಲ. ಮೂರೂ ಹೊಂದಿಕೊಳ್ಳಲಿ ಅಂತ ಕಂಪ್ಯೂಟರನ್ನು ಆರಿಸದೆ ಹಾಗೇ ಬಿಟ್ಟ. ಅದು ತಾನಾಗೇ ಆರಿ ತಾನಾಗೇ ಹೊತ್ತಿಕೊಂಡಾಗಲೆಲ್ಲ, ಗುದ್ದಾಟ ಇನ್ನೂ ಮುಗಿದಿಲ್ಲ ಅಂತ ಸಮಾಧಾನ ಮಾಡಿಕೊಂಡ.

ಸನ್ಮಾನ ಜೋರಾಗಿಯೇ ನಡೆಯಿತು. ಚಿತ್ರಲಿಂಗಪ್ಪನ ಹೆಗಲಿಗೆ ಕರಿಕಂಬಳಿ, ತಲೆಗೆ ಕೆಂಪು ರುಮಾಲು. ಪಕ್ಕದಲ್ಲಿ ಟಗರಿನ ಕೊರಳಿಗೂ ಹಾರ. ಮಾರುತೇಶ ಫೋಟೋಗಳನ್ನು ಚೆನ್ನಾಗೇ ತೆಗೆದ, ಅದನ್ನು ಒಪ್ಪಲೇಬೇಕು. ಸ್ಟುಡಿಯೋಗೆ ಬಂದು ಕಂಪ್ಯೂಟರಿಗೆ ಇಳಿಸಿದರೆ ಹಿಂದೆಂದೂ ಇಲ್ಲದ ವೇಗದಲ್ಲಿ ಇಳಿದವು. ಪರದೆಯ ಮೇಲಿನ ಸಣ್ಣ ಚೌಕಗಳಲ್ಲಿ ಎಲ್ಲವೂ ಸರಿಯಾಗೇ ಕಂಡವು. ಒಂದನ್ನಾದರೂ ದೊಡ್ಡದು ಮಾಡಿ ನೋಡಲಿಲ್ಲ. ಮರುದಿನದ ನಾಮಕರಣಕ್ಕೆ ಬೇಕಿತ್ತು ಅಂತ ಕಾರ್ಡು ಅಳಿಸಿ ಹಾಕಿದ. ಆಲ್ಬಂ ಆಮೇಲೆ, ಮೊದಲು ಟಿವಿಯಲ್ಲಿ ತೋರಿಸಿ ಮಾವನನ್ನು ಬೆರಗು ಮಾಡೋಣ ಅಂತ ಪೆನ್‌ಡ್ರೈವಿಗೆ ತುಂಬಿಕೊಂಡು, ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮದಕರಿಪುರಕ್ಕೆ ಹೊರಟ.

ಸಂಘದವರೂ ಬಂದು ಟಿವಿಯ ಮುಂದೆ ಕೂತಿದ್ದರು. ರಿಮೋಟು ರೋಜಾಳ ಕೈಯಲ್ಲಿತ್ತು. ಮೊದಲ ಫೋಟೋದಲ್ಲಿ ವೇದಿಕೆಯ ಮೇಲ್ಭಾಗ ಮಾತ್ರ ಇತ್ತು, ಕೆಳಗೆಲ್ಲ ಬರೀ ಬೂದಿ ಬಣ್ಣ. ಎರಡನೆಯದರಲ್ಲಿ ಸಂಘದವರೆಲ್ಲ ಹಸಿರಾಗಿದ್ದರು. ಮೂರನೆಯದು ನಡುವೆ ಕತ್ತರಿಸಿ ಪಕ್ಕಕ್ಕೆ ಸರಿಸಿದಂತಿತ್ತು. ಮೇಲೆ ಚಿತ್ರಲಿಂಗಪ್ಪನ ರುಮಾಲು, ಹಣೆ, ಕಣ್ಣು. ಅದರ ಕೆಳಗೆ ನೇರವಾಗಿ ಟಗರಿನ ಮೂತಿ, ಹಾರ, ನಾಲ್ಕು ಕಾಲು. ಸಂಘದವರಲ್ಲಿ ಒಬ್ಬ ಕೆಮ್ಮಿದ. ಅದು ಕೆಮ್ಮಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

ಮಾರುತೇಶ ಎದ್ದು ಟಿವಿಗೆ ಅಡ್ಡ ನಿಂತ. "ರ‍್ಯಾಮ್ ಹೊಸ್ದಾಗಿ ಹಾಕಿದ್ದೆ ಮಾವ. ಹೊಂದ್ಕಂತಾವೆ ಅಂತ ಮಾಡಿದ್ದೆ. ಕುರಿ ಹಿಂಡಿನಾಗೆ ಹೊಂದ್ಕಳಲ್ವ, ಹಂಗೆ."

"ಹೊರಗಿಂದ ತಂದ ಕುರೀನ ಯಾವನಪ್ಪ ಸೀದಾ ಹಿಂಡಿಗೆ ಬಿಡೋನು?" ಅಂದ ಚಿತ್ರಲಿಂಗಪ್ಪ. "ಒಂದೆರಡು ವಾರ ಬೇರೆ ಕಟ್ಟಿ, ಮೂಗು ನೋಡಿ, ಗೊರಸು ನೋಡಿ, ಹಿಕ್ಕೆ ನೋಡಿ ಆಮೇಲೆ ಬಿಡ್ತೀವಿ. ಒಂದಕ್ಕೆ ರೋಗ ಇದ್ರೆ ಹಿಂಡೇ ಹೋಗ್ತೈತೆ."

ಕಂಪ್ಯೂಟರಿನ ಜಾಣತನವೂ ಹೋಯಿತು, ಕುರಿಯ ಜಾಣತನವೂ ಹೋಯಿತು. ಆದರೂ ಮುದುಕನ ಮೀಸೆಯಡಿಯಲ್ಲಿ ನಗು ಇತ್ತು. "ಆಗ್ಲಿ ಬಿಡು, ಟಗರೂ ಐತೆ, ನಾನೂ ಇದೀನಿ. ಇನ್ನೊಂದ್ಸಲ ತೆಗಿ. ಆದ್ರೂ ತಿಳಿದೋರ್ನ ಒಂದು ಮಾತು ಕೇಳ್ಬಾರ್ದಿತ್ತೇನಪ್ಪ?"

ಅಲ್ಲಿ ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ಮಾರುತೇಶನಿಗೆ ತಗ್ಗಿಸಿ ಅಭ್ಯಾಸವಿರಲಿಲ್ಲ.

"ಯಾರೂ ಹೇಳ್ಲಿಲ್ಲ ಮಾವ. ಹೇಳಿದ್ರೆ ನಾನು ಕೇಳ್ತಿರ್ಲಿಲ್ವ?"

ರೋಜಾ ಟಿವಿ ಆರಿಸಿದಳು.

"ನಾನು ಹೇಳಿದ್ದೆ ಅಪ್ಪ. ಒಂದೊಂದೇ ನೋಡು, ಕಾರ್ಡು ಅಳಿಸ್ಬೇಡ ಅಂತ ಬಿಡ್ಸಿ ಹೇಳಿದ್ದೆ. ಫೋಟೋ ಕೆಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ. ಬಾವಂಗೆ ಯಾರೂ ಹೇಳಿಲ್ವಂತೆ. ಹಂಗಾರೆ ಬಾವನ ಲೆಕ್ಕಕ್ಕೆ ನಾನು ಯಾರೂ ಅಲ್ಲ. ಈ ಮದ್ವೆ ಬ್ಯಾಡ."

ತಿಪ್ಪಮ್ಮ ಸೊಸೆಯಾಗಬೇಕಿದ್ದವಳ ಕೈ ಹಿಡಿದುಕೊಂಡಳು. "ಮದ್ವೆ ಆದ್ಮೇಲೆ ಹೊಂದ್ಕಂತೀರ ಬಿಡವ್ವ."

ರೋಜಾ ಕೈ ಬಿಡಿಸಿಕೊಂಡಳು. ಅವಸರದಲ್ಲಿ ಮಾರುತೇಶ ಪೆನ್‌ಡ್ರೈವನ್ನು ಟಿವಿಯಲ್ಲೇ ಮರೆತು ಹೋದ.

ಚಿತ್ರಲಿಂಗಪ್ಪ ಆ ಮೂರನೇ ಫೋಟೋಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದ. ರೋಜಾಳನ್ನು ನೋಡಲು ಬಂದ ಗಂಡುಗಳಿಗೆಲ್ಲ ಉಪ್ಪಿಟ್ಟಿಗೆ ಮುಂಚೆ ಅದರ ದರ್ಶನ. ಒಬ್ಬ ಕ್ಯಾಮೆರಾ ಸರಿಯಿಲ್ಲ ಅಂದ, ಇನ್ನೊಬ್ಬ ವೈರಸ್ಸಿನ ಮೇಲೆ ಭಾಷಣ ಮಾಡಿದ. ಹೊಸದುರ್ಗದ ರಂಗೇಶ್ ಮಾತ್ರ ಬಹಳ ಹೊತ್ತು ನೋಡಿ, "ನಂಗೆ ಗೊತ್ತಾಗ್ತಿಲ್ಲ. ಯಾಕೆ ಹಿಂಗಾತು?" ಅಂತ ರೋಜಾಳನ್ನೇ ಕೇಳಿದ. ಅವಳು ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೊನೆವರೆಗೂ ಕೇಳಿಸಿಕೊಂಡ. ಮದುವೆ ಗೊತ್ತಾಯಿತು, ಫೋಟೋದ ಕೆಲಸ ಹೊಳಲ್ಕೆರೆಯವರಿಗೆ ಹೋಯಿತು.

ನೆಂಟಸ್ತಿಕೆ ಬಿಡಲಾಗದೆ ಮಾರುತೇಶನೂ ಮದುವೆಮನೆಗೆ ಬಂದ. ಊಟಕ್ಕೆ ಕೂತದ್ದು ಪಡಸಾಲೆಯಲ್ಲಿ, ಕಟ್ಟು ಹಾಕಿಸಿದ ಆ ಫೋಟೋದ ಎದುರಿಗೇ. ಪಕ್ಕದ ಎಲೆಯ ಹೊಸದುರ್ಗದವನು ಫೋಟೋ ನೋಡಿ ನಕ್ಕೂ ನಕ್ಕೂ ಸುಸ್ತಾಗಿ, "ಇದನ್ನ ತೆಗ್ದ ಪುಣ್ಯಾತ್ಮ ಯಾರ್ರಿ?" ಅಂತ ಕೇಳಿದ.

ಮಾರುತೇಶ ಎಲೆಯಿಂದ ತಲೆ ಎತ್ತಲಿಲ್ಲ.

"ಗೊತ್ತಿಲ್ಲ," ಅಂದ. ಆ ಮಾತು ಅವನ ಬಾಯಿಂದ ಬಂದದ್ದು ಹುಟ್ಟಿದಾಗಿನಿಂದ ಅದೇ ಮೊದಲು, ಅದೂ ಸುಳ್ಳು.