ಅಜ್ಜಿಯ ಶ್ರುತಿ

ನಮ್ಮ ಪಂಕ್ ಬ್ಯಾಂಡಿನ ಹೆಸರು ತಲೆಹರಟೆ. ಹೆಸರಿಟ್ಟವಳು ಅಮ್ಮ. ಇಟ್ಟಳು ಅಂದರೆ, ಮೊದಲ ದಿನ ಮನೆಯಲ್ಲಿ ಬಾರಿಸಿದಾಗ ಬಾಗಿಲು ತೆಗೆದು ಹಾಗೆಂದು ಬೈದಳು, ಅಣ್ಣ ಅದನ್ನೇ ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆದ. ಹನ್ನೊಂದು ವರ್ಷವಾಯಿತು. ನಮ್ಮ ಒಂದು ಹಾಡೂ ಎರಡೂವರೆ ನಿಮಿಷ ದಾಟಿಲ್ಲ. ನಮ್ಮ ತಾಳ್ಮೆಯೂ ಅಷ್ಟೆ.

ಹಾಡುವವನು ಅಣ್ಣ. ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾನೆ. ಡ್ರಮ್ಸ್ ಬಾರಿಸುವವಳು ಸಿಟಿ ಬಸ್ಸಿನ ಡ್ರೈವರ್. ಬ್ರೇಕ್ ಹಾಕುವುದು ಕೆಲಸದ ಹೊತ್ತಿನಲ್ಲಿ ಮಾತ್ರ. ಬೇಸ್ ಗಿಟಾರ್ ಮೌನಿಯದು. ಕ್ಷೌರದಂಗಡಿ ಇಟ್ಟುಕೊಂಡೂ ಮಾತಾಡದ ಮನುಷ್ಯ ಲೋಕದಲ್ಲಿ ಅವನೊಬ್ಬನೇ ಇರಬೇಕು. ಇನ್ನೊಂದು ಗಿಟಾರ್ ನನ್ನದು. ಹಗಲು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುತ್ತೇನೆ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿ ಮರುದಿನ ತಲೆನೋವು ಹೊತ್ತುಕೊಂಡು ಬರುತ್ತಾನೆ. ಆ ಕೆಲಸದ ಬುದ್ಧಿಯೇ ನನ್ನನ್ನು ಕೆಡಿಸಿತು ಅನ್ನಿ.

ಅಭ್ಯಾಸ ನಡೆಯುತ್ತಿದ್ದದ್ದು ಲಾಂಡ್ರಿಯ ಹಿಂಭಾಗದಲ್ಲಿ. ಅಲ್ಲಿ ಒದ್ದೆ ಬಟ್ಟೆ ಹಿಂಡುವ ಹಳೆಯ ಯಂತ್ರವೊಂದಿದೆ. ಎಲ್ಲರ ಪಾಳಿ ಮುಗಿದರೂ ಅದರ ಪಾಳಿ ಮುಗಿಯುವುದಿಲ್ಲ. ಒಂದೇ ಸಮನೆ ನರಳುತ್ತಿರುತ್ತದೆ. ಅದಕ್ಕೆ ಎಲ್ಲರೂ ಅಜ್ಜಿ ಅನ್ನುತ್ತಾರೆ. ಶುರುವಿನಲ್ಲಿ ಗಿಟಾರಿನ ತಂತಿಯನ್ನು ಯಾವ ಸ್ವರಕ್ಕೆ ಬಿಗಿಯಬೇಕು ಎಂಬುದೂ ನಮಗೆ ಗೊತ್ತಿರಲಿಲ್ಲ. ಅಜ್ಜಿಯ ನರಳಾಟಕ್ಕೆ ದಪ್ಪ ತಂತಿ ಹೊಂದಿಸಿದೆವು, ಮಿಕ್ಕವನ್ನು ಅದಕ್ಕೆ ಹೊಂದಿಸಿದೆವು. ಅವತ್ತಿನಿಂದ ಅವಳೇ ನಮ್ಮ ಶ್ರುತಿಪೆಟ್ಟಿಗೆ. ಹೊರಗೆ ಬಾರಿಸಲು ಹೊರಟರೂ ಮೊದಲು ಅವಳ ಮುಂದೆ ನಿಂತು ತಂತಿ ಬಿಗಿದುಕೊಂಡೇ ಹೊರಡುತ್ತಿದ್ದೆವು.

ಈ ವರ್ಷ ಮೊದಲ ಸಲ ಸ್ಟುಡಿಯೊಗೆ ಹೋಗಿ ಒಂದು ಹಾಡು ರೆಕಾರ್ಡ್ ಮಾಡಿದೆವು. 'ನಿಮ್ಮ ಕೊಳೆ ನನಗೆ ಗೊತ್ತು'. ದೊಡ್ಡವರ ಕಾಲರು ತಿಕ್ಕಿ ತಿಕ್ಕಿ ಅಣ್ಣ ಕಟ್ಟಿದ ಹಾಡು. ರೆಕಾರ್ಡ್ ಮಾಡುವವನು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ನನ್ನೊಬ್ಬಳನ್ನೇ ನೋಡಿ ನಕ್ಕ.

"ಇದು ಯಾವ ಲೋಕದ ಶ್ರುತಿ ಮೇಡಂ? ನಿಮ್ಮ ಕೈ ಚೆನ್ನಾಗಿದೆ, ಗಿಟಾರ್ ಮಾತ್ರ ಕೆಸರಲ್ಲಿ ಹೂತುಹೋಗಿದೆ."

ಅಣ್ಣನಿಗೆ ಅದು ಕೇಳಿಸಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅವನ ಮೇಲೆ ಬರಬೇಕಾದ ಸಿಟ್ಟು ನಮ್ಮವರ ಮೇಲೆ ಬಂತು. ಹನ್ನೊಂದು ವರ್ಷ ಒಂದು ಬಟ್ಟೆ ಹಿಂಡುವ ಯಂತ್ರದ ಶಿಷ್ಯರಾಗಿದ್ದೆವಲ್ಲ ಅಂತ ನಾಚಿಕೆಯಾಯಿತು. ಮರುದಿನವೇ ಅಂಗಡಿಗೆ ಹೋಗಿ, ಗಿಟಾರಿನ ಕತ್ತಿಗೆ ಸಿಕ್ಕಿಸಿದರೆ ಸರಿಯಾದ ಸ್ವರಕ್ಕೆ ಹಸಿರು ದೀಪ ತೋರಿಸುವ ಒಂದು ಟ್ಯೂನರ್ ತಂದು ಬಚ್ಚಿಟ್ಟುಕೊಂಡೆ.

ಅದೇ ಹೊತ್ತಿಗೆ ಹಾಡು ಕೇಳಿದ ಒಬ್ಬ ಹೆಂಗಸು ಫೋನ್ ಮಾಡಿದಳು. ಮೂರು ಬ್ಯಾಂಡುಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ನಾಲ್ಕು ತಿಂಗಳು ಊರೂರು ಸುತ್ತುವವಳು. ಎರಡು ಸಿಕ್ಕಿವೆ, ಮೂರನೆಯದಕ್ಕೆ ನಿಮ್ಮನ್ನು ಭಾನುವಾರ ಮಧ್ಯಾಹ್ನ ನೋಡುತ್ತೇನೆ ಅಂದಳು. ಅಣ್ಣನಿಗಂತೂ ಇದು ಅಳಿವು ಉಳಿವಿನ ಮಾತು. ಲಾಂಡ್ರಿಯ ಯಜಮಾನರು ದೂರದ ಊರಿನಲ್ಲಿ ತೆರೆದ ಶಾಖೆಗೆ ಅವನನ್ನೇ ಮೇಲ್ವಿಚಾರಕ ಮಾಡಲು ಹೊರಟಿದ್ದರು. ಹೋದರೆ ಬ್ಯಾಂಡಿಗೆ ಮಂಗಳ. ಭಾನುವಾರದಿಂದ ಎರಡನೇ ಸೋಮವಾರದೊಳಗೆ ಅವನು ಉತ್ತರ ಕೊಡಬೇಕಿತ್ತು.

"ವ್ಯಾನ್ ಹತ್ತಿದ್ರೆ ಯಜಮಾನರಿಗೆ ದೊಡ್ಡ ನಮಸ್ಕಾರ," ಅಂದ ಅಣ್ಣ. "ನಲವತ್ತೊಂದು ವರ್ಷಕ್ಕೆ ಒಂದ್ಸಲನಾದ್ರೂ ಕೆಲಸ ಬಿಡಬೇಕು ಕಣೇ, ಇಲ್ದಿದ್ರೆ ಹುಟ್ಟಿದ್ದು ದಂಡ."

ಭಾನುವಾರ ನಾವು ಬಾರಿಸಬೇಕಿದ್ದ ಸಭಾಂಗಣದ ಪಕ್ಕದ ಕೋಣೆಯಿಂದ ಎಲ್ಲರೂ ಹೊರಗೆ ಹೋದಾಗ ನನ್ನ ಗಿಟಾರಿಗೂ ಮೌನಿಯ ಬೇಸಿಗೂ ಟ್ಯೂನರ್ ಸಿಕ್ಕಿಸಿ, ಹಸಿರು ದೀಪ ಬರುವವರೆಗೆ ತಂತಿ ಬಿಗಿದೆ. ಶ್ರುತಿ ಗಿಟಾರಿನ ಲೆಕ್ಕದಲ್ಲಿ ಮೂರು ಮನೆಯಷ್ಟು, ಅಂದರೆ ಒಂದೂವರೆ ಸ್ವರದಷ್ಟು, ಮೇಲೇರಿತು. ಅಣ್ಣನೂ ಅಷ್ಟು ಮೇಲೇರಿ ಹಾಡಬೇಕಾಗುತ್ತದೆ ಅನ್ನುವುದು ಹೊಳೆಯಲಿಲ್ಲವೇ ಅಂತ ಕೇಳಿದರೆ, ಹೊಳೆಯಿತು. ಅರಚುವವನಿಗೆ ಶ್ರುತಿ ಯಾತಕ್ಕೆ ಅಂದುಕೊಂಡೆ. ಒಡಹುಟ್ಟಿದವನ ಬಗ್ಗೆ ನನ್ನ ಅಭಿಪ್ರಾಯ ಅಷ್ಟಿತ್ತು.

ಮೊದಲ ಹಾಡು ಶುರುವಾದ ಕೂಡಲೇ ನನಗೆ ರೋಮಾಂಚನವಾಯಿತು. ಗಾಜು ಒರೆಸಿಕೊಟ್ಟ ಹಾಗೆ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸಿತು. ಮೌನಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಗೊತ್ತಾಗಿತ್ತು, ಗೊತ್ತಾಗಿ ಏನು ಪ್ರಯೋಜನ? ಎರಡನೇ ಹಾಡಿಗೆ ಅಣ್ಣನ ಕತ್ತಿನ ನರ ಹಗ್ಗದಂತೆ ಉಬ್ಬಿದವು. ಮೂರನೆಯದಕ್ಕೆ ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮಡಿ ಎತ್ತಿ ನಿಂತ. ನಾಲ್ಕನೆಯದು ಕೊಳೆಯ ಹಾಡು. ಪಲ್ಲವಿಯಲ್ಲಿ ಅವನ ದನಿ ಸೀಳಿಹೋಯಿತು. ಆಮೇಲೆ ಬರೀ ಗಾಳಿ ಬಂತು. ಕೇಳಲು ಬಂದವರಲ್ಲಿ ಯಾರೋ ಪೇಪರ್ ಕಪ್ ಎಸೆದರು. ಹತ್ತು ಹಾಡು ಹಾಡಬೇಕಿದ್ದವನು ಮೈಕನ್ನು ನೆಲದ ಮೇಲಿಟ್ಟು ಇಳಿದುಹೋದ.

ಆ ಹೆಂಗಸು ಬಾಗಿಲ ಬಳಿ ನನ್ನನ್ನು ತಡೆದಳು. "ಗಿಟಾರ್ ತುಂಬಾ ಚೆನ್ನಾಗಿತ್ತು. ಹಾಡೋರು ಬೇರೆ ಯಾರಾದ್ರೂ ಸಿಕ್ರೆ ಹೇಳಿ." ಆ ಮಾತಿನ ಮೊದಲ ಅರ್ಧ ನನಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಸುಳ್ಳು ಹೇಳಿ ಏನು ಬಂತು?

ಅಣ್ಣ ಅವತ್ತಿನಿಂದ ಪಿಸುಮಾತಿಗೆ ಇಳಿದ. ಬಿಸಿನೀರು ಕುಡಿಯುತ್ತಿದ್ದ, ಸ್ನಾನ ಮಾಡುವಾಗಲೂ ಗುನುಗುತ್ತಿರಲಿಲ್ಲ. "ಗಂಟಲು ಹೋಯ್ತು. ವಯಸ್ಸಾಯ್ತಲ್ವಾ," ಅಂತ ಅಮ್ಮನಿಗೆ ಹೇಳಿದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಸದಾ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಅಮ್ಮ ಅವತ್ತು ಅವನ ತಲೆ ಸವರಿದಳು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯಲ್ಲಿ ಒಂದೇ ವಾರ ಮೂರು ಗಾಜು ತಪ್ಪು ಅರೆದೆ. ಊಟಕ್ಕೆ ಕೂತರೆ ಎದ್ದೆ, ಬಸ್ ನಿಲ್ದಾಣದಲ್ಲಿ ಬಸ್ಸು ಬಂದರೂ ಹತ್ತದೆ ನಡೆದೆ. ಹೇಳಿದರೆ ಅವನಿಗೆ ಗಂಟಲು ವಾಪಸ್ಸು ಸಿಗುತ್ತದೆ. ಆದರೆ ಯಾಕೆ ಹಾಗೆ ಮಾಡಿದೆ ಅಂತ ಕೇಳುತ್ತಾನಲ್ಲ? ನಾಳೆ ಹೇಳೋಣ ಅನ್ನುತ್ತ ಅನ್ನುತ್ತ ಆ ಎರಡನೇ ಸೋಮವಾರ ಬಂದೇಬಿಟ್ಟಿತು.

ಹತ್ತು ಗಂಟೆಗೆ ಅಂಗಡಿಯಿಂದ ಏಪ್ರನ್ ಸಮೇತ ಓಡಿದೆ. ಇಸ್ತ್ರಿಕೋಣೆಯಲ್ಲಿ ಎಂಟು ಮೇಜು, ಎಂಟೂ ಕಡೆಯಿಂದ ಹಬೆ. ಅಣ್ಣ ಒಂದು ಬಿಳಿ ಅಂಗಿಯ ಕಾಲರಿನ ಮೇಲಿದ್ದ. ಪಕ್ಕದಲ್ಲಿ ಸಹಿ ಹಾಕಬೇಕಾದ ಕಾಗದ ಇತ್ತು.

"ನಿನ್ನ ಗಂಟಲಿಗೆ ಏನೂ ಆಗಿಲ್ಲ ಅಣ್ಣ," ಅಂದೆ. "ನಾನೇ ತಂತಿ ಏರಿಸಿದ್ದೆ. ಮೂರು ಮನೆ. ಯಾರಿಗೂ ಹೇಳ್ದೆ."

ಅವನು ಕಾಲರ್ ಮುಗಿಸಿದ. ತೋಳಿಗೆ ಬಂದ.

"ಯಾಕೆ?"

"ರೆಕಾರ್ಡಿಂಗ್‌ನವನು ನಕ್ಕ. ನಾಚಿಕೆ ಆಯ್ತು."

"ಅವನ ಮುಂದೇನಾ? ಇಲ್ಲ, ಮೊದಲಿಂದ್ಲೂನಾ?"

ನನ್ನ ಕಣ್ಣು ಅಜ್ಜಿ ನರಳುತ್ತಿದ್ದ ಹಿಂಭಾಗದ ಕಡೆ ಹೋಯಿತು. ಅದೇ ಉತ್ತರವಾಯಿತು. ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿದ.

"ನನಗೆ ಆಗ್ತಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಎರಡನೇ ಹಾಡಲ್ಲಿ."

"ಮತ್ತೆ ಮೂರನೇದು ಯಾಕೆ ಬಾರಿಸ್ದೆ? ನಾಲ್ಕನೇದು? ನಿಲ್ಸಿ, ತಂತಿ ಇಳಿಸಿದ್ರೆ ಆಗ್ತಿತ್ತಲ್ಲ. ಒಂದು ನಿಮಿಷದ ಕೆಲಸ."

ಎಂಟು ದಿನದಿಂದ ಎಂತೆಂಥ ನೆಪ ಹೊಲಿದಿಟ್ಟಿದ್ದೆ! ಎಲ್ಲವನ್ನೂ ಬದಿಗಿಟ್ಟೆ.

"ನಂದು ಚೆನ್ನಾಗಿ ಕೇಳಿಸ್ತಿತ್ತು," ಅಂದೆ.

ಅಣ್ಣ ಅಂಗಿಗೆ ಕಟ್ಟಿದ್ದ ಚೀಟಿಯನ್ನು ಎತ್ತಿ ಹಿಡಿದು, ಎದೆ ತುಂಬ ಉಸಿರೆಳೆದು, ಅದರಲ್ಲಿದ್ದುದನ್ನು ಹಾಡಿದ. "ಹನ್ನೆರಡು ಅಂಗಿ, ನಾಲ್ಕು ಪ್ಯಾಂಟು, ಒಂದು ಕೋಟು, ಗುಂಡಿ ಇಲ್ಲ!" ಕೋಣೆಯ ಏಳು ಮಂದಿಯ ಕೈ ನಿಂತಿತು. ದನಿ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮುಂಚಿನ ಹಾಗೆಯೇ ಒರಟು, ಮುಂಚಿನ ಹಾಗೆಯೇ ತುಂಬು. ಅವನ ಮುಖ ಚಿಕ್ಕ ಹುಡುಗನ ಮುಖದ ಹಾಗೆ ಅರಳಿತು. ನನಗೆ ಅಳು ತಡೆಯಲಾಗಲಿಲ್ಲ.

"ಹಾಗಾದ್ರೆ ಹೋಗಬೇಡ," ಅಂದೆ. "ಅವಳಿಗೆ ಫೋನ್ ಮಾಡ್ತೀನಿ. ಎಲ್ಲ ಹೇಳ್ತೀನಿ. ಇನ್ನೊಂದ್ಸಲ ಕೇಳ್ತಾಳೆ."

ಅವನು ಕಿವಿಯಿಂದ ಪೆನ್ನು ತೆಗೆದು, ಬಿಸಿಯಿನ್ನೂ ಆರದ ಮೇಜಿನ ಮೇಲೆಯೇ ಕಾಗದಕ್ಕೆ ಸಹಿ ಹಾಕಿದ.

"ನೀನು ಹೋಗು ಅವಳ ಜೊತೆ. ನಿನ್ನ ಕೈ ಚೆನ್ನಾಗಿದೆ. ಕುಹಕ ಅಲ್ಲ ಕಣೇ, ನಿಜವಾಗ್ಲೂ ಹೇಳ್ತಿದ್ದೀನಿ."

"ನೀನೇನು ಮಾಡ್ತೀಯ ಅಲ್ಲಿ?"

"ಅಲ್ಲೂ ಒಂದು ಬ್ಯಾಂಡ್ ಕಟ್ತೀನಿ," ಅಂದ, ಕಾಗದ ಮಡಚುತ್ತ. "ಗಿಟಾರಿಗೆ ಏನೂ ಬಾರದವರು ಒಬ್ಬರು ಸಿಕ್ಕಿದ್ರೆ ಸಾಕು."

ಮೇಲಿನ ಆಫೀಸಿಗೆ ಹೋಗುವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ನಾನು ಅವನು ಅರ್ಧಕ್ಕೆ ಬಿಟ್ಟ ಅಂಗಿಯ ಮುಂದೆ ನಿಂತೇ ಇದ್ದೆ.