ಬೈರಯ್ಯನ ಎಡಗೈ ಹೆಬ್ಬೆಟ್ಟು

ಅಣ್ಣಮ್ಮ ಗಂಡನ ಎರಡೂ ಹೆಬ್ಬೆಟ್ಟುಗಳನ್ನು ಸೇರಿಸಿ ಬಿಳಿ ಬಟ್ಟೆಯ ಚೂರಿನಿಂದ ಕಟ್ಟುತ್ತಿದ್ದಾಗ ಮನೆಯ ಮುಂದೆ ಕಾರು ನಿಂತ ಸದ್ದಾಯಿತು. ಕೆಂಗೇರಿಯ ಆ ಬೀದಿಗೆ ಕಾರಿನಲ್ಲಿ ಬರುವವನು ಒಬ್ಬನೇ. ಅವಳು ತಲೆ ಎತ್ತದೆ ಎರಡನೆಯ ಗಂಟು ಹಾಕಿ ಎಳೆದು ಬಿಗಿದಳು.

"ಸಾಮಿಲ್ ಗೋಪೀನಾಥ ಬಂದವ್ನೆ ಕಣೇ," ಎಂದಳು ಬಾಗಿಲಲ್ಲಿದ್ದ ಮುನಿತಾಯಮ್ಮ. ಸತ್ತ ಬೈರಯ್ಯನ ಅಕ್ಕ ಅವಳು. ಬೆಳಗಿನಿಂದ ಅಳುತ್ತಲೇ ಇದ್ದಳು. "ಕೈಯಲ್ಲಿ ಹಾರ ಬೇರೆ. ಯಾವ ಮುಖ ಇಟ್ಕೊಂಡು ಬಂದ್ನೋ. ಹೊಸ್ಲು ದಾಟಕ್ಕೆ ಬುಡಬೇಡ."

"ಬರ್ಲಿ ಬುಡಕ್ಕ."

"ನಿಂಗೇನು ತಲೆ ಕೆಟ್ಟೈತಾ?"

ತಲೆ ಕೆಟ್ಟಿರಲಿಲ್ಲ. ಮೂರು ವರ್ಷದಿಂದ ಅಣ್ಣಮ್ಮ ದೇವರಲ್ಲಿ ಬೇಡಿದ್ದು ಒಂದೇ: ಗೋಪೀನಾಥ ಜೈಲಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕು. ಬರುವ ಸೋಮವಾರ ವಿಚಾರಣೆ ಇತ್ತು. ಅಷ್ಟರಲ್ಲಿ ಈ ಶುಕ್ರವಾರ ಬೆಳಗಿನ ಜಾವ ಬೈರಯ್ಯ ಕೆಮ್ಮಿ ಕೆಮ್ಮಿ ಉಸಿರು ಬಿಟ್ಟಿದ್ದ. ಇನ್ನು ಮೂರು ದಿನ ತಡೆಯಬಾರದಿತ್ತೇ ಎಂದು ಅವಳಿಗೆ ಸತ್ತವನ ಮೇಲೂ ಸಿಟ್ಟು ಬಂದಿತ್ತು.

ಗೋಪೀನಾಥ ಒಳಗೆ ಬಂದು ಹಾರ ಹಾಕಿ ಕೈ ಮುಗಿದ. "ಸುದ್ದಿ ಕೇಳಿ ಕೈಕಾಲೇ ಆಡ್ಲಿಲ್ಲ ಅಣ್ಣಮ್ಮ. ರಾಜಾಜಿನಗರದಿಂದ ಸೀದಾ ಬಂದೆ. ನಮ್ಮಲ್ಲಿ ಏನೇ ಮಾತು ಬಂದಿದ್ರೂ ಬೈರಯ್ಯ ನನಗೆ ತಮ್ಮನ ಸಮಾನ."

ಏಪ್ರಿಲ್ ತಿಂಗಳ ಸೆಕೆಯಲ್ಲಿ ಅವನು ಕೋಟು ಹಾಕಿಕೊಂಡು ಬಂದಿದ್ದ. ಬಗ್ಗಿದಾಗೆಲ್ಲ ಒಳಜೇಬನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. ಅಲ್ಲಿ ಮಡಿಸಿದ ಕಾಗದದ ತುದಿಯೊಂದು ಕಾಣುತ್ತಿತ್ತು. ಅಣ್ಣಮ್ಮನಿಗೆ ಆ ಕಾಗದ ಏನೆಂದು ಓದಿ ತಿಳಿಯಬೇಕಾಗಿರಲಿಲ್ಲ.

"ಒಂದೈದು ನಿಮಿಷ ಅವನ ಹತ್ರ ಒಬ್ಬನೇ ಕೂತಿರ್ತೀನಮ್ಮ," ಎಂದ ಗೋಪೀನಾಥ ತಗ್ಗಿದ ದನಿಯಲ್ಲಿ. "ಕ್ಷಮೆ ಕೇಳೋದಿದೆ."

ಮುನಿತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಅಣ್ಣಮ್ಮ ಎದ್ದಳು. "ಕೂತ್ಕಳಿ ಸ್ವಾಮಿ," ಎಂದವಳೇ ಗಂಡನ ಅಕ್ಕನ ತೋಳು ಹಿಡಿದು ಅಂಗಳಕ್ಕೆ ಕಳಿಸಿ, ತಾನು ಅಡುಗೆಮನೆಗೆ ಹೋದಳು.

* * *

ಮೈಸೂರು ರಸ್ತೆಯ ಪಕ್ಕದ ಜಾಗ ಬೈರಯ್ಯನದು, ಮರ ಕೊಯ್ಯುವ ಯಂತ್ರ ಗೋಪೀನಾಥನದು. ಸಾಮಿಲ್ಲಿನಲ್ಲಿ ಇಬ್ಬರಿಗೂ ಸಮಪಾಲು ಎಂದು ಐವತ್ತನೆಯ ಇಸವಿಯಲ್ಲಿ ಪತ್ರವಾಯಿತು. ಗೋಪೀನಾಥ ಇಂಗ್ಲಿಷಿನಲ್ಲಿ ರುಜು ಹಾಕಿದ. ಬೈರಯ್ಯ ಎಡಗೈ ಹೆಬ್ಬೆಟ್ಟು ಒತ್ತಿದ. ಅಂದು ಅದು ನುಣ್ಣಗಿತ್ತು.

ಮಾಲೀಕನಾದರೂ ಬೈರಯ್ಯ ಗರಗಸದ ಮುಂದೆ ತಾನೇ ನಿಲ್ಲುತ್ತಿದ್ದ. ಹಲಗೆ ಮೂಸಿ ಇದು ಹೊನ್ನೆ, ಇದು ಮತ್ತಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನ ಅಂಗಿಯಿಂದ ಉದುರುವ ಮರದ ಪುಡಿಯನ್ನು ಗುಡಿಸುತ್ತಾ ಅಣ್ಣಮ್ಮ ದಿನಾ ಬೈಯುತ್ತಿದ್ದಳು. ಅವರ ಸಂಸಾರದ ಸರಸವೆಲ್ಲ ಆ ಬೈಗುಳದಲ್ಲೇ ನಡೆಯುತ್ತಿತ್ತು.

ಐವತ್ತೈದರ ಆಷಾಢದಲ್ಲಿ ಗರಗಸ ಅವನ ಎಡಗೈ ಹೆಬ್ಬೆಟ್ಟನ್ನು ತುದಿಯಿಂದ ಬುಡದವರೆಗೆ ಸೀಳಿತು. ಕೂಗಾಟ ಕೇಳಿ ಗೋಪೀನಾಥ ಓಡಿ ಬಂದ. ಬಂದವನು ಯಂತ್ರದ ಕಡೆಗೆ ಬಗ್ಗಿ, "ಬ್ಲೇಡು ಏನಾಯ್ತು ನೋಡ್ರಪ್ಪ," ಎಂದ. ರಕ್ತ ಸುರಿಯುತ್ತಿದ್ದ ಕೈಯ ಕಡೆ ತಿರುಗಿ ನೋಡಲಿಲ್ಲ.

ಹದಿನೈದು ದಿನ ಬಿಟ್ಟು ಬೈರಯ್ಯ ಕೈಗೆ ಬಟ್ಟೆ ಸುತ್ತಿಕೊಂಡು ಸಾಮಿಲ್ಲಿಗೆ ಹೋದರೆ ಗೋಪೀನಾಥ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟ. "ನೀನು ಐವತ್ಮೂರರಲ್ಲೇ ಪಾಲು ಬಿಟ್ಟಿದೀಯ ಕಣಯ್ಯ. ನೋಂದಣಿ ಕಚೇರಿಯಲ್ಲಿ ದಾಖಲಾಗಿದೆ. ಎರಡು ವರ್ಷದಿಂದ ಇಲ್ಲಿ ನೀನು ಕೂಲಿಯವನು. ಕೈ ಸರಿಯಿಲ್ಲದ ಕೂಲಿ ನನಗ್ಯಾಕೆ?"

ಆಗಿನ ಕಾಲಕ್ಕೆ ಅಷ್ಟು ಸಾಕಾಗಿತ್ತು. ಪಾಲುದಾರ ಬಿಟ್ಟುಹೋದ ಎಂದು ಇನ್ನೊಬ್ಬ ಬರೆದುಕೊಟ್ಟರೆ ಕಚೇರಿಯವರು ಮೊಹರು ಒತ್ತಿ ಇಟ್ಟುಕೊಳ್ಳುತ್ತಿದ್ದರು. ನೀನು ನಿಜವಾಗಿ ಬಿಟ್ಟೆಯೇನಪ್ಪ ಎಂದು ಬಿಟ್ಟವನನ್ನು ಯಾರೂ ಕೇಳುತ್ತಿರಲಿಲ್ಲ.

ಮಾರನೆಯ ದಿನದಿಂದ ಬೈರಯ್ಯ ಸಾಮಿಲ್ಲಿನ ಎದುರಿನ ಮೋರಿಕಟ್ಟೆಯ ಮೇಲೆ ಕೂರತೊಡಗಿದ. ಗೋಪೀನಾಥನ ಕಾರು ಬಂದಾಗ ಎದ್ದು ನಿಂತು ಎಡಗೈ ಹೆಬ್ಬೆಟ್ಟು ಎತ್ತಿ ತೋರಿಸುತ್ತಿದ್ದ. ಮಧ್ಯಾಹ್ನ ಅಣ್ಣಮ್ಮ ಅಲ್ಲಿಗೇ ಮುದ್ದೆ ಒಯ್ಯುತ್ತಿದ್ದಳು.

"ಎಷ್ಟು ದಿನ ಹಿಂಗೆ ಕೂತಿರ್ತೀಯ?" ಎಂದರೆ, "ಅವನು ಒಂದು ಕಿತ ಇದನ್ನ ನೆಟ್ಟಗೆ ನೋಡಗಂಟ," ಎನ್ನುತ್ತಿದ್ದ.

ಮೂರು ವರ್ಷವಾದರೂ ಗೋಪೀನಾಥ ನೋಡಲಿಲ್ಲ. ಕಾರು ಮೋರಿಕಟ್ಟೆ ದಾಟುವಾಗ ಅವನ ಮುಖ ಇನ್ನೊಂದು ಕಿಟಕಿಗೆ ತಿರುಗಿರುತ್ತಿತ್ತು.

ಬೈರಯ್ಯ ಸರ್ಕಾರಕ್ಕೆ ಕಳಿಸಿದ ಅರ್ಜಿಗಳನ್ನು ಬರೆದುಕೊಟ್ಟವರು ನಿವೃತ್ತ ಮೇಷ್ಟ್ರು ಪಂಚಾಕ್ಷರಿ. ಹೀಗೆ ಕಾಗದದಲ್ಲಿ ಕಾಣೆಯಾದ ಪಾಲುದಾರರು ಊರೂರಿನಲ್ಲಿ ಇದ್ದರು. ಅವರೆಲ್ಲರ ಅರ್ಜಿ ಸೇರಿ ಸೇರಿ ಕೊನೆಗೆ ಸರ್ಕಾರಕ್ಕೂ ಬಿಸಿ ತಟ್ಟಿ, ಈ ವರ್ಷ ಕಾಯಿದೆ ಬಂತು. ಪಾಲು ಬಿಟ್ಟವನ ಸ್ವಂತ ಒಪ್ಪಿಗೆ ಪತ್ರ ಹಾಜರು ಮಾಡಬೇಕು, ಹಳೆಯ ದಾಖಲೆಗೂ ಇದು ಅನ್ವಯ. ಸೋಮವಾರ ಪತ್ರ ತನ್ನಿ ಎಂದು ಗೋಪೀನಾಥನಿಗೆ ನೋಟೀಸು ಹೋಗಿತ್ತು. ಅಂಥ ಪತ್ರ ಇರಲೇ ಇಲ್ಲ.

* * *

ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬಂದರು. "ಅವನನ್ನ ಒಬ್ಬನೇ ಬಿಟ್ಟು ಬಂದ್ಯೇನಮ್ಮ? ಜೇಬಲ್ಲಿ ಹಳೇ ಛಾಪಾ ಕಾಗದ ಇದೆ. ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೇ ಬಂದಿರೋದು."

"ಗೊತ್ತು ಮೇಷ್ಟ್ರೆ."

ಬಾಗಿಲ ಸಂದಿಯಿಂದ ಎಲ್ಲವೂ ಕಾಣುತ್ತಿತ್ತು. ಗೋಪೀನಾಥ ಬಟ್ಟೆಯ ಗಂಟನ್ನು ಉಗುರಿನಿಂದ ಬಿಚ್ಚಲು ಹೆಣಗುತ್ತಿದ್ದ. ಪಕ್ಕದಲ್ಲಿ ನೀಲಿ ಶಾಯಿಯ ಚಪ್ಪಟೆ ಡಬ್ಬಿ ಬಾಯಿ ತೆರೆದು ಕೂತಿತ್ತು. ಮೇಷ್ಟ್ರು ನುಗ್ಗಲು ಹೋದರು. ಅಣ್ಣಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಪತ್ರ ಕಳೆದೋಯ್ತು ಅಂತ ಅವನು ಸೋಮವಾರ ಹೇಳುದ್ರೆ ಏನಾಯ್ತದೆ?"

"ದಂಡ ಹಾಕಿ ಬಿಡ್ತಾರೆ. ನಿಮ್ಮ ಪಾಲು ನಿಮಗೆ ಬರುತ್ತೆ. ಅಷ್ಟು ಸಾಲದಾ?"

"ಸುಳ್ಳು ಪತ್ರ ಕೊಟ್ರೆ?"

"ಜೈಲು."

"ಅಂಗಾದ್ರೆ ಒತ್ಕಳ್ಲಿ ಬುಡಿ."

"ಅದು ನಿಜವಾದ ಹೆಬ್ಬೆಟ್ಟು ಕಣಮ್ಮ! ಸುಳ್ಳು ಅಂತ ಹೆಂಗೆ ತೋರ್ಸೋದು?"

"ಆ ಕಾಗದದಲ್ಲಿ ಯಾವ ಇಸವಿ ಬರ್ದಿರ್ತಾನೆ?"

"ಐವತ್ಮೂರು. ಪಾಲು ಬಿಟ್ಟಿದ್ದು ಆವಾಗ ಅಂತ ತಾನೇ ಅವನು ಹೇಳೋದು."

"ಗರಗಸ ಬೆಟ್ಟು ಸೀಳಿದ್ದು?"

"ಐವತ್ತೈದು," ಎಂದರು ಮೇಷ್ಟ್ರು. ಒರಳುಕಲ್ಲಿನ ಮೇಲೆ ಮೆಲ್ಲಗೆ ಕುಳಿತರು. ಅವರೇ ಬರೆದ ಅರ್ಜಿಗಳ ಕೆಳಗೆ ಒತ್ತಿದ್ದ, ನಡುವೆ ಬಿಳಿ ಗೆರೆ ಬಿಟ್ಟ ಹೆಬ್ಬೆಟ್ಟಿನ ಗುರುತುಗಳು ಅವರಿಗೆ ನೆನಪಾದವು.

ಆಚೆ ಗೋಪೀನಾಥ ಬೈರಯ್ಯನ ಎಡಗೈ ಹೆಬ್ಬೆಟ್ಟನ್ನು ಡಬ್ಬಿಗೆ ಅದ್ದಿ ಕಾಗದದ ಮೇಲಿಟ್ಟು ಒತ್ತುತ್ತಿದ್ದ. ಒತ್ತುವಾಗಲೂ ಅವನ ಕಣ್ಣು ಬೀದಿಬಾಗಿಲ ಮೇಲಿತ್ತು. ಅಣ್ಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬದುಕಿದ್ದಾಗ ಮುಟ್ಟದವನು ಸತ್ತ ಮೇಲೆ ಗಂಡನ ಕೈಯನ್ನು ಮುದ್ರೆಯ ಹಿಡಿಯಂತೆ ಎತ್ತಿ ಎತ್ತಿ ಇಡುವುದನ್ನು ನೋಡುತ್ತಾ ನಿಂತಳು. ಒಲೆಯ ಪಕ್ಕದ ಮಚ್ಚು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅದರ ಕಡೆ ನೋಡದಿರಲು ಅವಳು ಕಣ್ಣು ಮುಚ್ಚಿಕೊಂಡಳು.

ಗೋಪೀನಾಥ ಕರವಸ್ತ್ರದಿಂದ ಆ ಬೆರಳನ್ನೂ ತನ್ನ ಬೆರಳುಗಳನ್ನೂ ಒರೆಸಿ, ಅದೇ ಕರವಸ್ತ್ರವನ್ನು ಕಣ್ಣಿಗೆ ಹಿಡಿದುಕೊಂಡು ಹೊರಗೆ ಬಂದ. ಕಾರಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅಣ್ಣಮ್ಮ ಅಂಗಳದಲ್ಲಿ ಸೇರಿದ್ದ ಊರಿನವರೆಲ್ಲ ಕೇಳುವಂತೆ ಕರೆದಳು. "ಸ್ವಾಮಿ, ತಮ್ಮನ ಸಮಾನ ಅಂದ್ರಿ. ಬಾಯಿಗೆ ಅಕ್ಕಿ ಹಾಕ್ದೆ ಹೋಯ್ತೀರಾ?"

ಅಷ್ಟು ಜನರ ಮುಂದೆ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ಬೇವಿನ ಮರದ ನೆರಳಲ್ಲಿ, ಒಳಜೇಬಿನ ಮೇಲೆ ಕೈಯಿಟ್ಟುಕೊಂಡು ಕಾದು ಕುಳಿತ.

ಹೆಣವನ್ನು ಮೀಯಿಸುವಾಗ ಮುನಿತಾಯಮ್ಮ ಸೀಗೆಪುಡಿ ಹಾಕಿ ತಮ್ಮನ ಕೈ ಉಜ್ಜಿದಳು. "ಇದೇನೇ, ಸೀಳಿನೊಳಗೆ ನೀಲಿ ನೀಲಿಗೈತೆ? ಎಷ್ಟು ತಿಕ್ಕುದ್ರೂ ಹೋಗಾಕಿಲ್ವಲ್ಲೇ."

"ಇರ್ಲಿ ಬುಡಕ್ಕ. ಅಂಗೇ ಹೋಗ್ಲಿ."

ಹೆಬ್ಬೆಟ್ಟುಗಳನ್ನು ಅಣ್ಣಮ್ಮನೇ ಮತ್ತೆ ಕಟ್ಟಿದಳು. ಚಟ್ಟದ ಪಕ್ಕ ನೀರಿನಲ್ಲಿ ನೆನೆಸಿದ ಅಕ್ಕಿಯ ತಟ್ಟೆ ಇಟ್ಟರು. ನೆಂಟರು ಒಬ್ಬೊಬ್ಬರಾಗಿ ಹಾಕಿದರು. ಗೋಪೀನಾಥನ ಸರದಿ ಬಂದಾಗ ಮೇಷ್ಟ್ರು ಚಟ್ಟದ ತಲೆಯ ಬಳಿಗೆ ಬಂದು ನಿಂತು, ಸುತ್ತ ಸಾಕ್ಷಿಗೆ ಯಾರು ಯಾರು ಇದ್ದಾರೆಂದು ಒಂದೊಂದೇ ಮುಖ ನೋಡಿಕೊಂಡರು.

ಗೋಪೀನಾಥ ಮೂರು ಬೆರಳಲ್ಲಿ ಒದ್ದೆ ಅಕ್ಕಿ ಎತ್ತಿ ಬೈರಯ್ಯನ ಬಾಯಿಗೆ ಹಾಕಿದ. ಕೈ ಒದರಿಕೊಂಡು ಬಿರಬಿರನೆ ಕಾರು ಹತ್ತಿದ. ಅಣ್ಣಮ್ಮ ಗಂಡನ ಮುಖದ ಮೇಲೆ ಬಗ್ಗಿದಳು. ತುಟಿಯ ನಡುವಿನ ಬೆಳ್ಳನೆಯ ಅಕ್ಕಿಯಲ್ಲಿ ಮೇಲಿನ ನಾಲ್ಕು ಕಾಳು ನೀಲಿಯಾಗಿದ್ದವು.