ಮಲ್ಲಕ್ಕನ ಹಾರ್ಡ್ ರೊಟ್ಟಿ

ಯರಗುಪ್ಪಿಯ ಮಲ್ಲಕ್ಕ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೆ ಸಂಶಿಯ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತಿದ್ದ ಕಂಡಕ್ಟರು ಎಚ್ಚೆತ್ತು ಸೀಟಿ ಊದುತ್ತಾನೆ ಎಂದು ಹೇಳುವವರಿದ್ದಾರೆ. ಅದು ಅರ್ಧ ಮಾತು. ಡ್ರೈವರನೂ ಎದ್ದು ಗಾಡಿ ಚಾಲೂ ಮಾಡುತ್ತಾನೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವಳ ಖಡಕ್ ರೊಟ್ಟಿ ಎಷ್ಟು ತೆಳುವೆಂದರೆ ಅದನ್ನು ಕಣ್ಣ ಮುಂದೆ ಹಿಡಿದು ಪಂಚಾಂಗ ಓದಬಹುದು. ಅಮಾವಾಸ್ಯೆ ಯಾವತ್ತು ಎಂಬುದೂ ತಪ್ಪದೆ ಸಿಗುತ್ತದೆ.

ಇಂಥ ರೊಟ್ಟಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟದೆ ಇರುತ್ತದೆಯೇ? ಅಲ್ಲಿ ಅಂಗಡಿ ಇಟ್ಟಿದ್ದ ಹೆಲೆನ್ ಎಂಬ ಹೆಣ್ಣುಮಗಳು ಖಡಕ್ ರೊಟ್ಟಿ ಹುಡುಕುತ್ತ ಧಾರವಾಡ ಜಿಲ್ಲೆಗೆ ಬಂದಿದ್ದಳು. ಬರುವ ರವಿವಾರ ಯರಗುಪ್ಪಿಯ ರೊಟ್ಟಿ ಸಂಘಕ್ಕೆ ಬರುತ್ತೇನೆಂದು ಹೇಳಿಕಳಿಸಿದಳು. ಸಂಘದ ಎಂಟು ಹೆಂಗಸರೂ ಆ ಸಂಜೆ ಅಧ್ಯಕ್ಷೆ ಮಲ್ಲಕ್ಕನ ಪಡಸಾಲೆಯಲ್ಲಿ ಸೇರಿ ಒಟ್ಟಿಗೇ ಮಾತಾಡಿದರು. ಮಾಡಿನ ಮೇಲಿನ ಪಾರಿವಾಳಗಳು ಹಾರಿಹೋದವು, ತಿರುಗಿ ಬಂದದ್ದು ಮರುದಿನವೇ.

"ಇಂಗ್ಲಿಷ್ ಮಾತು ನನ್ನ ಮಗ ಈರೇಶಗ ಬಿಡ್ರಿ," ಎಂದಳು ಶಿವಗಂಗವ್ವ. "ಕಾಲೇಜಿಗೆ ಹೋಗ್ಯಾನ, ಹುಬ್ಬಳ್ಳಿ ಕಂಡಾನ."

"ರೊಟ್ಟಿ ಬಡಿಯಾಕಿ ನಾನು, ಮಾತಾಡಾಂವ ಅವನನು?" ಮಲ್ಲಕ್ಕ ಸೊಂಟಕ್ಕೆ ಕೈ ಕೊಟ್ಟಳು. "ಆಕಿ ಜೋಡಿ ನಾನ ಮಾತಾಡ್ತೀನಿ. ಇಂಗ್ಲಿಷಿನ್ಯಾಗ."

"ನೀ? ಇಂಗ್ಲಿಷು? ಮಾತಾಡಲಿಲ್ಲ ಅಂದ್ರ?"

"ಅಧ್ಯಕ್ಷಗಿರಿ ನಿನಗ, ತಗೋ. ಸಂಘದ ಕೀಲಿಕೈ ಸಮೇತ."

ಬಾಯಿಂದ ಮಾತು ಹೊರಬಿದ್ದ ಮೇಲೆ ತಾನು ಏನನ್ನು ಪಣಕ್ಕಿಟ್ಟೆ ಎಂಬುದು ಮಲ್ಲಕ್ಕನಿಗೆ ಹೊಳೆಯಿತು. ಆರು ವರ್ಷದ ಹಿಂದೆ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಂಥವರ ಸೊಸೆ, ಇಂಥವನ ಹೆಂಡತಿ, ಅಷ್ಟೇ. ಅಧ್ಯಕ್ಷೆಯಾದ ಮೇಲೆ ಎಂಥ ಮಾತಿಗೂ ಹೂಂ ಎನ್ನದ ಅವಳ ಮಾವನೇ "ಅಧ್ಯಕ್ಷರದು ಊಟ ಆತನು?" ಎಂದು ಕೇಳಿದ್ದ. ಆ ಒಂದು ಮಾತನ್ನು ಕಳೆದುಕೊಳ್ಳುವುದೆಂದರೆ ಅವಳಿಗೆ ಹೊಲ ಕಳೆದುಕೊಂಡಂತೆ.

ಮರುದಿನ ನಸುಕಿನಲ್ಲಿ ಅವಳು ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕಿ ಸಂಪದಾಳ ಬಾಗಿಲು ಬಡಿದಳು. ರೊಟ್ಟಿ ಬಡಿದ ಕೈ. ಬಾಗಿಲಿನ ಚಿಲಕ ತಾನಾಗಿಯೇ ಕಳಚಿತು.

"ಎಂಟು ದಿನದಾಗ ಇಂಗ್ಲಿಷ್ ಬರೂದಿಲ್ಲ ಮಲ್ಲಕ್ಕ," ಎಂದಳು ಸಂಪದಾ, ಹಲ್ಲುಜ್ಜುತ್ತಲೇ. "ಆದ್ರ ಒಂದ ಶಬ್ದ ಪೂರ್ತಿ ಬರ್ತದ. ನಿಮ್ಮ ರೊಟ್ಟಿದ ಶಬ್ದ ಕಲೀರಿ. ಹಾರ್ಡ್."

"ಹಾರ್ಡ್!" ಎಂದಳು ಮಲ್ಲಕ್ಕ. ಓಣಿಯ ನಾಯಿಗಳೆಲ್ಲ ಎದ್ದು ನಿಂತವು.

"ರೊಟ್ಟಿ ಹಾರ್ಡ್. ಕಲ್ಲು ಹಾರ್ಡ್. ಬಿಡಿಸಲಿಕ್ಕೆ ಬರಲಾರದ ಲೆಕ್ಕ ಹಾರ್ಡ್. ಬೆವರು ಸುರಿಸಿ ಮಾಡೂ ಕೆಲಸ ಹಾರ್ಡ್ ವರ್ಕ್. ನಿಮ್ಮ ಬೋರಿನ ನೀರೂ ಹಾರ್ಡ್."

"ನೀರು ಮೆತ್ತಗ ಇರತೈತ್ರಿ ಅಕ್ಕೋರ. ಅದ್ಹೆಂಗ ಹಾರ್ಡು?"

"ಬ್ಯಾಳಿನ್ನ ಕೇಳ್ರಿ, ಹೇಳ್ತದ."

ಆ ನೀರಿನಲ್ಲಿ ಹೊತ್ತುಗಟ್ಟಲೆ ಕುದ್ದರೂ ಬೇಯದ ತೊಗರಿಬೇಳೆ ನೆನಪಾಗಿ ಮಲ್ಲಕ್ಕ ಕುಣಿದಾಡಿದಳು. "ಖರೆ! ಖರೆ! ಮುಂದ ಹೇಳ್ರಿ!"

"ಕಿವಿ ಮಂದ ಇದ್ದವರಿಗೆ ಹಾರ್ಡ್ ಆಫ್ ಹಿಯರಿಂಗ್ ಅಂತಾರ."

"ನಮ್ಮ ಮಾವ!"

"ಯಾರೇನ ಅತ್ರೂ ಕರಗಲಾರದವರಿಗೆ ಹಾರ್ಡ್ ಹಾರ್ಟೆಡ್."

"ಶಿವಗಂಗವ್ವ! ತಿಳೀತ್ರಿ ಅಕ್ಕೋರ, ಎಲ್ಲಾ ತಿಳೀತು. ಹಾರ್ಡ್ ಅಂದ್ರ ಖಡಕ್. ಖಡಕ್ ಚಾ, ಹಾರ್ಡ್ ಟೀ!"

"ಅಲ್ಲ. ಸ್ಟ್ರಾಂಗ್ ಟೀ."

"ಖಡಕ್ ಮಾಸ್ತರ?"

"ಸ್ಟ್ರಿಕ್ಟ್."

"ಮತ್ತ ಹೊಸಾ ಖಡಕ್ ನೋಟು?"

"ಕ್ರಿಸ್ಪ್."

ಮಲ್ಲಕ್ಕ ಹಣೆ ಬಡಿದುಕೊಂಡಳು. "ನಮ್ಮ ಖಡಕ್ಕು ಒಂದ ಎಲ್ಲಾ ಮನಿ ಕೆಲಸಾ ಮಾಡತೈತಿ. ಅವ್ರು ಮನಿಗೊಂದು ಆಳು ಇಟ್ಟಾರ. ಮಂದಿ ಭಾಳ ಶ್ರೀಮಂತರ್ರಿ!"

ಮುಂದಿನ ಎಂಟು ದಿನ ಯರಗುಪ್ಪಿಯಲ್ಲಿ ಗಟ್ಟಿಯಾದ ಯಾವ ವಸ್ತುವಿಗೂ ನೆಮ್ಮದಿ ಇರಲಿಲ್ಲ. ಬಸ್ಸಿನ ಸೀಟು, ಬೀಸುವ ಕಲ್ಲು, ಒಣಗಿದ ಎರೆಹೊಲದ ಹೆಂಟೆ, ಎಲ್ಲವನ್ನೂ ಮಲ್ಲಕ್ಕ ತಟ್ಟಿ "ಹಾರ್ಡ್!" ಎಂದು ಹೆಸರಿಟ್ಟಳು. ನಡುನಡುವೆ ಸಂಪದಾ ಬಾಯಿಪಾಠ ಮಾಡಿಸಿದ ಏಳು ಚಿಲ್ಲರೆ ಶಬ್ದಗಳನ್ನೂ ಸೇರಿಸಿಕೊಂಡಳು: ಯೂ, ಐ, ಗಿವ್, ಈಟ್, ಸೇ, ಆಲ್, ಗೆಸ್ಟ್. ಶನಿವಾರದ ಹೊತ್ತಿಗೆ ಅವಳ ಎಮ್ಮೆಗೂ ಅಷ್ಟೋ ಇಷ್ಟೋ ಇಂಗ್ಲಿಷ್ ತಿಳಿಯುತ್ತಿತ್ತು.

ರವಿವಾರ ಮಟಮಟ ಮಧ್ಯಾಹ್ನ ಹೆಲೆನ್‌ಳ ಕಾರು ಬಂತು. ಮಲ್ಲಕ್ಕನ ಪಡಸಾಲೆಯೊಳಗೆ ಬಿಳಿ ಅರಿವೆ ಹೊದ್ದ ಖಡಕ್ ರೊಟ್ಟಿಯ ಎಂಟು ಗುಡ್ಡೆಗಳು ಜಂತಿಗೆ ತಾಗುವಂತೆ ಸಿದ್ಧವಾಗಿ ನಿಂತಿದ್ದವು. ಸಂಪದಾಳೂ ಬಂದಿದ್ದಳು, ಆದರೆ ತುಟಿ ಬಿಚ್ಚಬಾರದು ಎಂದು ಶಿವಗಂಗವ್ವ ಅವಳಿಂದ ಮಾತು ತೆಗೆದುಕೊಂಡಿದ್ದಳು. ಈರೇಶ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ತಯಾರಾಗಿ ನಿಂತಿದ್ದ.

ಹೆಲೆನ್ ಹೊಸ್ತಿಲು ದಾಟಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಕಾಲಿಗೆಲ್ಲ ಧೂಳು. ಉಣ್ಣುವ ಹೊತ್ತಿಗೆ ಬಂದ ಅತಿಥಿ! ಎಂಟು ಹೆಂಗಸರ ಹದಿನಾರು ಕೈಗಳು ಯಾರನ್ನೂ ಕೇಳದೆ ಓಡಾಡಿದವು. ಒಬ್ಬಳು ಕಾಲಿಗೆ ನೀರು ಕೊಟ್ಟಳು, ಒಬ್ಬಳು ಚಾಪೆ ಹಾಸಿದಳು, ಶಿವಗಂಗವ್ವ ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಮಲ್ಲಕ್ಕ ಹಂಚಿನಿಂದ ಉಬ್ಬಿದ ಬಿಸಿ ರೊಟ್ಟಿ ಎತ್ತೆತ್ತಿ ತಾಟಿಗೆ ಹಾಕಿದಳು, ಹತ್ತಿಯಂಥ ಮೆತ್ತನೆಯ ರೊಟ್ಟಿ. ಹೆಲೆನ್ ಎರಡು ತಿಂದಳು. ಮೂರನೆಯದನ್ನು ಕೈಯಲ್ಲಿ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ವೆರಿ ನೈಸ್," ಎಂದಳು. "ಬಟ್ ಸಾಫ್ಟ್. ಐ ವಾಂಟೆಡ್ ಹಾರ್ಡ್ ರೊಟ್ಟಿ. ಯೂ ಡೋಂಟ್ ಮೇಕ್ ಇಟ್?"

ಹೆಂಗಸರಿಗೆ ಆ ಇಂಗ್ಲಿಷನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ರೊಟ್ಟಿ ಮಡಚಿದ ಕೈಯೇ ಎಲ್ಲವನ್ನೂ ತಿಳಿಸಿತ್ತು. ಖಡಕ್ ರೊಟ್ಟಿ ನೋಡಲು ಸಮುದ್ರ ದಾಟಿ ಬಂದವಳಿಗೆ ಎಂಟೂ ಮಂದಿ ಸೇರಿ ಮೆತ್ತನೆಯದನ್ನು ತಿನ್ನಿಸಿ ಕೂತಿದ್ದರು! ಹಂಗೇ ಆಗಬೇಕಿತ್ತು, ಬೇರೆ ದಾರಿ ಎಲ್ಲಿತ್ತು? ಖಡಕ್ ರೊಟ್ಟಿ ಹೊಲದ ಬುತ್ತಿಗೆ, ದೂರದ ಪ್ರಯಾಣಕ್ಕೆ, ಮನೆಮಂದಿಗೆ. ಮನೆಗೆ ಬಂದವರ ತಾಟಿನಲ್ಲಿ ಮೊನ್ನೆ ಬಡಿದ ರೊಟ್ಟಿ ಇಟ್ಟರೆ ಏಳು ತಲೆಮಾರಿನ ಮಾನ ಮಣ್ಣುಪಾಲು.

ಹೆಲೆನ್ ರೊಟ್ಟಿ ಕೊಳ್ಳುವ ಊರುಗಳ ಹೆಸರು ಬರೆಯುವ ತನ್ನ ವಹಿಯನ್ನು ಚೀಲಕ್ಕೆ ಹಾಕಿದಳು. ಈರೇಶ ಗಂಟಲು ಸರಿಮಾಡಿಕೊಂಡ. ಶಿವಗಂಗವ್ವ ಕೀಲಿಕೈ ನೇತಾಡುತ್ತಿದ್ದ ಗೂಟದ ಕಡೆ ನೋಡಿದಳು. ಸಂಪದಾ ಸೆರಗು ಕಚ್ಚಿಕೊಂಡಳು.

ಮಲ್ಲಕ್ಕನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವಳು ಅದನ್ನು ಕಿತ್ತಳು.

"ಯೂ ಗೆಸ್ಟ್!" ಎಂದು ಕೂಗಿದಳು. "ಗೆಸ್ಟ್ ಈಟ್ ಸಾಫ್ಟ್! ಐ ಗಿವ್ ಯೂ ಹಾರ್ಡ್ ರೊಟ್ಟಿ, ಊರು... ಊರೆಲ್ಲಾ ಸೇ, ಮಲ್ಲಕ್ಕ ಹಾರ್ಡ್ ಹಾರ್ಟೆಡ್!" ಓಡಿಹೋಗಿ ಎಂಟೂ ಗುಡ್ಡೆಗಳ ಅರಿವೆ ಸರ್ರನೆ ಎಳೆದಳು. "ಹಾರ್ಡ್! ಹಾರ್ಡ್! ಆಲ್ ಹಾರ್ಡ್! ಬಟ್ ಯೂ ಗೆಸ್ಟ್!"

ಹೆಲೆನ್ ಗುಡ್ಡೆಗಳನ್ನು ನೋಡಿದಳು, ತನ್ನ ತಾಟು ನೋಡಿದಳು. ಆಮೇಲೆ ನಕ್ಕಳು ನೋಡಿ, ಆ ನಗು ಕುಂದಗೋಳದವರೆಗೂ ಕೇಳಿಸಿತು. "ಓಕೆ. ನಾಟ್ ಗೆಸ್ಟ್," ಎಂದವಳೇ ಎದ್ದು ಒಲೆಯ ಮುಂದೆ ಬಂದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ತೋಳು ಮೇಲೇರಿಸಿ ಹಿಟ್ಟಿನ ಉಂಡೆಗೆ ಕೈ ಹಾಕಿದಳು. ಬಡಿದಳು. ರೊಟ್ಟಿ ಮೊದಲು ಇಂಗ್ಲೆಂಡಿನ ಆಕಾರಕ್ಕೆ ಬಂತು, ಆಮೇಲೆ ಹರಿದು ಹನ್ನೆರಡು ದ್ವೀಪಗಳಾಯಿತು.

ಆದರೂ ಮಲ್ಲಕ್ಕನ ಕೈ ಖಡಕ್ ರೊಟ್ಟಿಯ ಕಡೆ ಹೋಗಲಿಲ್ಲ. ಅತಿಥಿ ಒಲೆಯ ಮುಂದೆ ಕೂತ ಮಾತ್ರಕ್ಕೆ ಅತಿಥಿ ಅಲ್ಲ ಎನ್ನಲಾದೀತೇ?

ಅಷ್ಟರಲ್ಲಿ ಹೆಲೆನ್ ಆ ಹರಕು ರೊಟ್ಟಿಯನ್ನು ಹಂಚಿನ ಮೇಲೆ ಎಸೆಯಲು ಹೋಗಿ ಬೆರಳು ಸುಟ್ಟುಕೊಂಡಳು.

"ಏ ಹುಚ್ಚೀ!" ಶಿವಗಂಗವ್ವ ಅವಳ ಕೈ ಜಗ್ಗಿದಳು. "ಕಣ್ಣು ಎಲ್ಲಿಟ್ಟೀಬೇ? ಹಿಟ್ಟು ದಂಡ ಮಾಡಿದಿ, ಬೆರಳೂ ಸುಟ್ಕೊಂಡಿ! ನಿಮ್ಮವ್ವ ಏನೂ ಕಲಿಸಿಲ್ಲನು?" ಎನ್ನುತ್ತ ಬೆರಳನ್ನು ತಣ್ಣೀರಲ್ಲಿ ಅದ್ದಿದಳು.

ಮಲ್ಲಕ್ಕ ಚಪ್ಪಾಳೆ ತಟ್ಟಿ ಜಿಗಿದಳು. "ಬೈದ್ಲು! ಶಿವಗಂಗವ್ವ ಬೈದ್ಲು! ಬೈಸಿಕೊಂಡಾಕಿ ಎಲ್ಲಿ ಗೆಸ್ಟು? ಮನಿಮಗಳಾದ್ಲು!"

ಗುಡ್ಡೆಯ ಮೇಲಿನ ರೊಟ್ಟಿ ಇಳಿಯಿತು. ಮಲ್ಲಕ್ಕ ಅದನ್ನು ಬೆರಳಿನಿಂದ ತಟ್ಟಿದಳು, ಠಣ್ಣೆಂದಿತು. ಮುರಿದಾಗ ಚಟಾರನೆ ಸಿಡಿದ ಸದ್ದಿಗೆ ಹೊರಗೆ ಕಾರಿನ ಡ್ರೈವರ್ ಟಾಯರ್ ಒಡೆಯಿತೆಂದು ಇಳಿದು ನೋಡಿದ. ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂದವು. ಹೆಲೆನ್ ಐದು ರೊಟ್ಟಿ ತಿಂದಳು. ಊರವರು ಹದಿನೈದು ಎನ್ನುತ್ತಾರೆ, ಊರವರಿಗೆ ಉತ್ಪ್ರೇಕ್ಷೆ ಜಾಸ್ತಿ. ಬಾಯಿ ತುಂಬಿಕೊಂಡೇ ಅವಳು ವಹಿ ತೆರೆದು ಯರಗುಪ್ಪಿ ಎಂದು ದೊಡ್ಡದಾಗಿ ಬರೆದಳು. ಬಾಯಿಗೆ ಬಿಡುಗಡೆ ಸಿಕ್ಕಿದ್ದೇ ಸಂಪದಾ ತಿಂಗಳಿಗೆ ಎಷ್ಟು ಡಬ್ಬಿ ರೊಟ್ಟಿ ಎಂಬುದನ್ನೆಲ್ಲ ಅಲ್ಲೇ ಮಾತಾಡಿ ಮುಗಿಸಿದಳು.

ಕಾರು ಹೋದ ಮೇಲೆ ಶಿವಗಂಗವ್ವ ಗೂಟದ ಕೀಲಿಕೈ ತೆಗೆದು ಮಲ್ಲಕ್ಕನ ಉಡಿಯಲ್ಲಿ ಒಗೆದಳು. "ಇಟ್ಕೋ ನಿನ್ನ ಅಧ್ಯಕ್ಷಗಿರಿ. ಮಾತಾಡಿದಿ, ಇಲ್ಲನ್ನಂಗಿಲ್ಲ. ಆದ್ರ ಆಕೀನ ಮನಿಮಗಳ ಮಾಡಿದ್ದು ನನ್ನ ಬೈಗುಳ, ಅದನ್ನ ಬರಿ ಠರಾವಿನ್ಯಾಗ."

"ಬರೀತೀನಬೇ," ಎಂದಳು ಮಲ್ಲಕ್ಕ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಇವತ್ತಿನಿಂದ ನೀ ಉಪಾಧ್ಯಕ್ಷಿ. ಬೈಯೂ ಖಾತೆ ಪೂರಾ ನಿಂದ."

"ಹಂಗಾರ ಈಗ ಶುರು ಮಾಡ್ತೀನಿ. ಆ ಹಂಚು ಇಳಸ ಮೊದಲ, ಮ್ಯಾಲಿನ ರೊಟ್ಟಿ ಕರಕಲಾಗಾಕತ್ತೈತಿ!"